ಬೆರಳಗಲದ ಸಂದು

ಅಕ್ಕ ಫೋನಿನಲ್ಲಿ ಕೂಗಾಡುವವಳಲ್ಲ. ಆ ಬುಧವಾರ ಬೆಳಿಗ್ಗೆ ಏಳಕ್ಕೆ ಫೋನು ಮಾಡಿದಾಗಲೂ ಅವಳು ಕೂಗಲಿಲ್ಲ. ಮೆಲ್ಲಗೆ ಕೇಳಿದಳು: “ನಿನ್ನೆ ನಾನಿಲ್ಲದಾಗ ಅಡುಗೆಮನೆಗೆ ಬಂದಿದ್ಯಾ?”

“ಬಂದಿದ್ದೆ. ನೋಡಿದ್ಯಾ? ಹೇಗಿದೆ?” ಎಂದೆ. ಹೊಗಳಿಸಿಕೊಳ್ಳಲು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದೆ.

“ಅದನ್ನ ಬಿಡಿಸೋಕೆ ಏನೇನು ಬೇಕೋ ತಗೊಂಡು ಈಗಲೇ ಬಾ. ಹನ್ನೊಂದಕ್ಕೆ ಅವರು ಬರ್ತಾರೆ.”

ಅಷ್ಟು ಹೇಳಿ ಫೋನಿಟ್ಟಳು. ಏನು ತಪ್ಪಾಗಿದೆ ಎಂದು ತಿಳಿದಿರಲಿಲ್ಲ, ಆದರೆ ತಪ್ಪು ಮಾಡಿದವನು ನಾನೇ ಎನ್ನುವುದು ಅವಳ ದನಿಯಲ್ಲೇ ಗೊತ್ತಾಯಿತು.

ನಾನು ಗಾರೆ ಕೆಲಸದವನು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಗೋಡೆಯಲ್ಲಿ ಒಂದು ಸಂದು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ಬಾಗಿಲ ಚೌಕಟ್ಟಿನ ಪಕ್ಕದ ಬಿರುಕಿಗೆ ಬೆರಳು ತೂರಿಸಿ ನೋಡುತ್ತೇನೆ. “ಹಾಗೇ ನಿಮ್ಮ ಹಲ್ಲಿನ ಸಂದೂ ತುಂಬಿಸ್ಕೊಂಡುಬಿಡಿ,” ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಹಿಂದಿನ ದಿನ ಸಂಜೆ ಐದಕ್ಕೆ ಅಕ್ಕನ ಅಡುಗೆಮನೆಯಲ್ಲಿ ನಾನು ಮಾಡಿದ್ದೂ ಅಷ್ಟೇ. ಒಲೆಯ ಹಿಂದೆ ನಿಲ್ಲಿಸಿದ್ದ ಇಟ್ಟಿಗೆ ಹಲಗೆಗೂ ಗೋಡೆಗೂ ನಡುವೆ ಸುತ್ತಲೂ ಬೆರಳಗಲದ ಸಂದು ಇತ್ತು. ತುಂಬಿದೆ.

ಅದು ಯಾಕೆ ತಪ್ಪಾಯಿತು ಎಂದು ಹೇಳಬೇಕಾದರೆ ಅಕ್ಕನ ಕತೆಯನ್ನೇ ಹೇಳಬೇಕು.

ಅಕ್ಕ ದರ್ಜಿ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವುದರಲ್ಲಿ ಅವಳದು ಎತ್ತಿದ ಕೈ. ಸೊಂಟ ಬಿಗಿಯಾದರೆ ಸಡಿಲ ಮಾಡುತ್ತಾಳೆ, ಅಣ್ಣನ ಅಂಗಿಯನ್ನು ತಮ್ಮನಿಗೆ ಹೊಂದಿಸುತ್ತಾಳೆ. ಭಾವ ಇದ್ದಾಗ ಐದು ಬಾಡಿಗೆ ಮನೆ, ಭಾವ ಹೋದ ಮೇಲೆ ಆರು. ಒಟ್ಟು ಹನ್ನೊಂದು ಮನೆಗಳಲ್ಲಿ ಅವಳ ಹೊಲಿಗೆ ಮಷಿನ್ ಸದ್ದು ಮಾಡಿದೆ. ನಾಲ್ಕನೆಯ ಮನೆ ಬಿಡುವಾಗ ಮನೆಯೊಡತಿ ಬೆಂಕಿಕಡ್ಡಿ ಹಿಡಿದುಕೊಂಡು ಗೋಡೆಗಳ ಮೊಳೆ ತೂತುಗಳನ್ನು ಎಣಿಸಿದ್ದಳು. ಮೂರು ಸಿಕ್ಕವು. ಮೂರೂ ಹಿಂದಿನ ಬಾಡಿಗೆಯವರದು. ಅಕ್ಕ ಹೇಳಿದಳು, ಒಡತಿ ನಂಬಲಿಲ್ಲ, ಬೀದಿಯಲ್ಲಿ ಹತ್ತು ಜನರ ಎದುರು ಸುಳ್ಳುಗಾತಿ ಅಂದಳು.

ಅಂದಿನಿಂದ ಅಕ್ಕ ಯಾವ ಗೋಡೆಗೂ ಒಂದು ಮೊಳೆ ಹೊಡೆದವಳಲ್ಲ. ಕನ್ನಡಿಯನ್ನು ಗೋಡೆಗೆ ಒರಗಿಸಿ ಇಡುತ್ತಿದ್ದಳು. ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಪರದೆಗೆ ಸ್ಪ್ರಿಂಗ್ ತಂತಿಯನ್ನು ಚೌಕಟ್ಟಿನ ನಡುವೆ ಬಿಗಿಯಾಗಿ ಸಿಕ್ಕಿಸುತ್ತಿದ್ದಳು, ಬಿಡುವಾಗ ಸುರುಳಿ ಸುತ್ತಿಕೊಂಡು ಹೋಗುತ್ತಿದ್ದಳು. ಕಪಾಟಿನ ಹಿಂದೆ ಯಾವಾಗಲೂ ರಟ್ಟಿನ ಪೆಟ್ಟಿಗೆಗಳು ಮಡಿಸಿದ ಹಾಗೇ ಇರುತ್ತಿದ್ದವು. ದರ್ಜಿಗಳು ಅಳತೆ ನೋಡಲೆಂದು ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರಲ್ಲ, ಎಳೆದರೆ ಬಿಚ್ಚಿಬರುವಂಥದ್ದು, ನಮ್ಮಕ್ಕ ಹಾಗೆ ಬದುಕಿದ್ದಳು. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. “ಒಂದು ಮೊಳೆ ಹೊಡ್ಕೊಡ್ತೀನಿ, ಯಾವನು ಕೇಳ್ತಾನೋ ನೋಡೋಣ,” ಎಂದರೆ, “ಕೇಳೋವಾಗ ನೀನಿರಲ್ಲ, ನಾನಿರ್ತೀನಿ,” ಅನ್ನುತ್ತಿದ್ದಳು.

ಹನ್ನೊಂದನೆಯದು ಟೀಚರಮ್ಮನ ಮನೆ. ತಗ್ಗು ಸೂರಿನ ಪುಟ್ಟ ಮನೆ, ಮುಂದೆ ಹೂವಿನ ಗಿಡ, ಸುಣ್ಣದ ದಪ್ಪ ಗೋಡೆ. ಅಡುಗೆಮನೆಯಲ್ಲಿ ಕಲ್ಲಿನ ಕಟ್ಟೆ, ಬಾಗಿಲಿಲ್ಲದ ಮರದ ಕಪಾಟು, ಒಲೆಯ ಎದುರಿಗೆ ನಿಂತರೆ ಎಡಕ್ಕೆ ತೋಟದ ಕಿಟಕಿ. ಟೀಚರಮ್ಮ ಕೆಲಸದಿಂದ ನಿವೃತ್ತಿಯಾಗಿ ಒಬ್ಬರೇ ಇದ್ದರು. ಅಕ್ಕ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಳು. ಒಂದೆರಡು ವರ್ಷದಲ್ಲಿ ಅಡುಗೆ ಒಂದಾಯಿತು. ಒಂಬತ್ತು ವರ್ಷ ಇಬ್ಬರೂ ಜಗಳವಾಡಿಕೊಂಡು, ನಗುನಗುತ್ತ ಇದ್ದರು. ಕಳೆದ ವರ್ಷ ಟೀಚರಮ್ಮ ತೀರಿಕೊಂಡಾಗ, ಮನೆ ಅಕ್ಕನಿಗೆ ಸೇರಬೇಕೆಂದು ಬರೆದಿಟ್ಟ ಪತ್ರ ವಕೀಲರ ಹತ್ತಿರ ಸಿಕ್ಕಿತು. ಅಕ್ಕ ಆ ಪತ್ರವನ್ನು ಎರಡು ದಿನ ಮುಟ್ಟಲೇ ಇಲ್ಲ, ಹೆದರಿದ್ದಳು.

ಹೆದರಿದ್ದು ಸರಿಯೇ ಆಯಿತು. ಟೀಚರಮ್ಮನ ತಮ್ಮನ ಮಗ ಪ್ರತ್ಯಕ್ಷನಾದ. ಒಂಬತ್ತು ವರ್ಷದಲ್ಲಿ ಅವನನ್ನು ನಾನು ನೋಡಿದ್ದು ಎರಡೇ ಸಲ, ಆದರೆ ಅವನು ಬಂದುಹೋದ ಮೇಲೆ ಒಂದು ಗಂಟೆಯಾದರೂ ಮನೆಯೆಲ್ಲ ಅವನ ಸೆಂಟಿನ ವಾಸನೆ ಇರುತ್ತಿದ್ದುದರಿಂದ ನಾನು ಅವನಿಗೆ ಸೆಂಟಪ್ಪ ಎಂದೇ ಹೆಸರಿಟ್ಟಿದ್ದೆ. ಸೆಂಟಪ್ಪ ಕೋರ್ಟಿಗೆ ಹೋದ. ‘ಈ ಟೈಲರಮ್ಮ ಹಿಂದಿನ ಕೋಣೆಯ ಬಾಡಿಗೆಯವಳು. ಮನೆಯೊಳಗೆ ಕಾಲಿಟ್ಟದ್ದೇ ನಮ್ಮತ್ತೆ ಹಾಸಿಗೆ ಹಿಡಿದ ಮೇಲೆ, ಕೊನೆಯ ಮೂರು ತಿಂಗಳು. ಬುದ್ಧಿ ಸ್ತಿಮಿತ ತಪ್ಪಿದ್ದವರಿಂದ ಪತ್ರ ಬರೆಸಿಕೊಂಡಿದ್ದಾಳೆ’ ಎಂದು ಅವನ ವಾದ. ಅಕ್ಕನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಇಬ್ಬರು ಹೆಂಗಸರು ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದಕ್ಕೆ ಯಾರು ಚೀಟಿ ಬರೆದಿಡುತ್ತಾರೆ?

ತೀರ್ಪು ಬರುವ ತನಕ ಅಕ್ಕ ಮನೆಯಲ್ಲೇ ಇರಬಹುದು, ಆದರೆ ಗೋಡೆ, ನೆಲ, ಬಾಗಿಲು ಯಾವುದನ್ನೂ ಬದಲಾಯಿಸಬಾರದು ಎಂದು ಕೋರ್ಟು ಹೇಳಿತು. ಬದಲಾಯಿಸಿದ್ದು ಕಂಡುಬಂದರೆ ಆ ದಿನವೇ ಮನೆ ಖಾಲಿ ಮಾಡಬೇಕು.

ಇಂಥ ಹೊತ್ತಿನಲ್ಲೇ ಒಲೆಯ ಹಿಂದಿನ ಗೋಡೆ ಉದುರತೊಡಗಿತು. ಹಳೆಯ ಸುಣ್ಣದ ಗಾರೆ, ವರ್ಷಗಟ್ಟಲೆ ಆವಿ ಕುಡಿದು ಪುಡಿಯಾಗಿತ್ತು. ಒಗ್ಗರಣೆಗೆ ಎಣ್ಣೆ ಸಿಡಿದರೆ ಅಂಟು, ಒರೆಸಲು ಬಟ್ಟೆ ಮುಟ್ಟಿಸಿದರೆ ಗೋಡೆಯೇ ಬಟ್ಟೆಗೆ ಬರುತ್ತಿತ್ತು. ಕುದಿಯುವ ಪಾತ್ರೆಗೆ ದಿನಕ್ಕೊಂದು ಚೂರು ಬೀಳುತ್ತಿತ್ತು. ಏನಾದರೂ ಮರೆ ಬೇಕೇ ಬೇಕಿತ್ತು. ಅದು ಅಗ್ಗವಾಗಿರಬೇಕು, ತೊಳೆಯುವಂತಿರಬೇಕು, ಟೀಚರಮ್ಮನ ಆ ಅಡುಗೆಮನೆಗೆ ಹೊಂದಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಗೆ ಅಂಟಬಾರದು.

ಎರಡು ವಾರ ನಾವು ಸುತ್ತಿದೆವು. ಟೈಲ್ಸ್ ಅಂಗಡಿಯಲ್ಲಿ ಒಡೆದ ಡಬ್ಬದ ಬಿಳಿ ಟೈಲ್ಸುಗಳನ್ನು ನಾನು ತೋರಿಸಿದೆ. “ಆಸ್ಪತ್ರೆಲಿ ಅಡುಗೆ ಮಾಡ್ದ ಹಾಗಿರುತ್ತೆ,” ಎಂದಳು. ತಗಡಿನ ಹಾಳೆ ಹಿಡಿದು ನೋಡಿದಳು, ಬೆರಳಿನಿಂದ ಬಡಿದು ಸದ್ದು ಕೇಳಿ ವಾಪಸಿಟ್ಟಳು. ಹಳೆಯ ಮರದ ಹಲಗೆಗಳು ಅವಳಿಗೆ ತುಂಬ ಹಿಡಿಸಿದವು. ಬೆಂಕಿಯ ಪಕ್ಕ ಮರ ಬೇಡವೇ ಬೇಡ ಎಂದು ನಾನು ಹಟ ಹಿಡಿದೆ. ಇಟ್ಟಿಗೆಯ ಚಿತ್ರವಿರುವ ಅಂಟುಹಾಳೆಯೊಂದು ಸಿಕ್ಕಿತು. ಸುರುಳಿ ಬಿಚ್ಚಿ ಅಂಟಿಸಿದರೆ ಅರ್ಧ ಗಂಟೆಯ ಕೆಲಸ.

“ಕಿತ್ರೆ ಗೋಡೆ ಮೇಲಿನ ಬರಹವೂ ಕಿತ್ತು ಬರುತ್ತೆ,” ಎಂದಳು ಅಕ್ಕ.

“ಯಾವ ಬರಹ?”

“ಟೀಚರಮ್ಮ ಪೆನ್ಸಿಲ್ಲಲ್ಲಿ ಬರೀತಿದ್ರು. ಒಲೆ ಬಲಗಡೆ.”

ಗೋಡೆಯ ಆ ಭಾಗದಲ್ಲಿ ಏನೋ ಗೀಚಿದ್ದನ್ನು ನಾನೂ ನೋಡಿದ್ದೆ. ಓದುವ ಗೋಜಿಗೆ ಹೋಗಿರಲಿಲ್ಲ. ಗೋಡೆ ಒದ್ದೆಯೋ ಒಣಗಿದೆಯೋ ಎಂದು ನೋಡುವವನು ನಾನು, ಅದರ ಮೇಲೆ ಬರೆದದ್ದನ್ನು ಓದುವವನಲ್ಲ.

ಕೊನೆಗೆ ಇಟ್ಟಿಗೆ ಭಟ್ಟಿಯ ಹಿಂದಿನ ರಾಶಿಯಲ್ಲಿ ಅವಳಿಗೆ ಬೇಕಾದ್ದು ಸಿಕ್ಕಿತು. ಹೆಚ್ಚು ಬೆಂದು ಕಪ್ಪಾದವು, ಸೊಟ್ಟವು, ಮೂಲೆ ಮುರಿದವು, ಹಸಿ ಇದ್ದಾಗ ಕೋಳಿ ತುಳಿದು ಹೆಜ್ಜೆ ಮೂಡಿದ್ದೂ ಒಂದು. ಹೊತ್ತೊಯ್ಯುವುದಾದರೆ ಪುಕ್ಕಟೆ ಎಂದ ಭಟ್ಟಿಯವನು. ನಾನು ಕಟಿಂಗ್ ಮಷಿನ್ನಿನಲ್ಲಿ ಅವನ್ನು ಬಿಸ್ಕತ್ತಿನಷ್ಟು ತೆಳ್ಳಗೆ ಸೀಳಿದೆ. ನಾಲ್ಕಡಿ ಉದ್ದ ಎರಡಡಿ ಎತ್ತರದ ಸಿಮೆಂಟ್ ಶೀಟಿನ ಮೇಲೆ ಅಕ್ಕನೇ ಕೂತು ಒಂದೊಂದನ್ನೂ ಜೋಡಿಸಿದಳು. ಬಣ್ಣ ನೋಡಿ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕೋಳಿ ಹೆಜ್ಜೆಯದು ಎಡ ಮೂಲೆಗೆ ಬಂತು. ನಾನು ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಎಣ್ಣೆ ಹೀರದಂತೆ ಮೇಲೊಂದು ಕೋಟ್ ಹೊಡೆದೆ. ಅರ್ಧ ಮೂಟೆ ಸಿಮೆಂಟಿನಷ್ಟು ಭಾರವಾಯಿತು. ತಳ ಕಲ್ಲಿನ ಕಟ್ಟೆಯ ಮೇಲೆ ಕೂತಿತು. ಮೇಲೆ ಬೀಳದಂತೆ ಹಿಡಿದುಕೊಳ್ಳಲು ಟೀಚರಮ್ಮ ಸೌಟು ನೇತುಹಾಕುತ್ತಿದ್ದ ಹಳೆಯ ಕೊಕ್ಕೆಗಳು ಎರಡಿದ್ದವು. ಒಂದು ಹೊಸ ಮೊಳೆ ಇಲ್ಲ, ಒಂದು ಹನಿ ಅಂಟು ಇಲ್ಲ. ಹಿಂದೆ ಗಾಳಿಯಾಡಲು ಬೆರಳಗಲ ಸಂದು.

ಸತ್ಯ ಹೇಳಬೇಕೆಂದರೆ, ನಾನು ಮಾಡಿದ ಅಷ್ಟೂ ಕೆಲಸಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಆ ಸಂದು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು.

ಆರು ವಾರ ಕಳೆದ ಮೇಲೆ ಅಕ್ಕ, “ಬುಧವಾರ ಕೋರ್ಟಿಂದ ಮನೆ ನೋಡೋಕೆ ಒಬ್ಬರು ಬರ್ತಾರಂತೆ,” ಎಂದಳು. ಅಷ್ಟೇ ಹೇಳಿದಳು. ಸೆಂಟಪ್ಪ ತೋಟದ ಕಿಟಕಿಯಿಂದ ಇಣುಕಿ ಇಟ್ಟಿಗೆ ಕಂಡು ದೂರು ಕೊಟ್ಟಿದ್ದಾನೆ, ಅದಕ್ಕೇ ಬರುತ್ತಿದ್ದಾರೆ ಎನ್ನುವುದನ್ನು ನನ್ನಿಂದ ಮುಚ್ಚಿಟ್ಟಳು. ಹೇಳಿದ್ದರೆ ನಾನು ಅವನ ಮನೆಗೇ ಹೋಗಿ ಕೊರಳಪಟ್ಟಿ ಹಿಡಿಯುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಮಂಗಳವಾರ ಅವಳು ವಕೀಲರನ್ನು ನೋಡಲು ಪಕ್ಕದ ಊರಿಗೆ ಹೋದವಳು ಅಲ್ಲೇ ಗೆಳತಿಯ ಮನೆಯಲ್ಲಿ ಉಳಿದಳು. ಬೀಗದ ಕೈ ನನ್ನ ಹತ್ತಿರವೂ ಒಂದಿತ್ತು. ಕೋರ್ಟಿನವರು ಬರುತ್ತಾರೆ, ಮನೆ ಚೊಕ್ಕವಾಗಿರಲಿ, ಅಕ್ಕನ ಮರ್ಯಾದೆ ಉಳಿಯಲಿ ಎಂದು ನಾನೇ ಹೋಗಿ ಸಂದು ತುಂಬಿ ಬಂದೆ. ಗೋಡೆ ಮುಟ್ಟಬಾರದು ಎಂದಿದ್ದರು ನಿಜ. ಸಂದು ತುಂಬಿದರೆ ಗೋಡೆ ಮುಟ್ಟಿದ ಹಾಗೆ ಎಂದು ಈ ದಡ್ಡ ತಲೆಗೆ ಹೊಳೆಯಲಿಲ್ಲ.

ಏಳೂವರೆಗೆ ನಾನು ಬಾಗಿಲಲ್ಲಿ ನಿಂತಾಗ ಅಕ್ಕ ಪ್ರಯಾಣದ ಸೀರೆಯಲ್ಲೇ ಇದ್ದಳು. ದೂರಿನ ವಿಷಯ ಆಗ ಹೇಳಿದಳು. ಎತ್ತಿ ತೋರಿಸಬಹುದಾಗಿದ್ದ ಹಲಗೆಯನ್ನು ನಾನು ಗೋಡೆಯೇ ಮಾಡಿಬಿಟ್ಟಿದ್ದೆ.

“ಬೈಯಕ್ಕಾ. ಎರಡು ಬಾರಿಸು,” ಎಂದೆ.

“ಬೈಯೋದು ಸಾಯಂಕಾಲ. ಮೊದಲು ಬಿಡಿಸು.”

ಒಂದೇ ಒಂದು ಪುಣ್ಯವೆಂದರೆ, ಹಳೆಯ ಸುಣ್ಣದ ಗೋಡೆಗೆ ಬರೀ ಸಿಮೆಂಟು ಒಗ್ಗುವುದಿಲ್ಲವೆಂದು ನಾನು ಸುಣ್ಣಕ್ಕೆ ಒಂದು ಹಿಡಿ ಸಿಮೆಂಟು ಮಾತ್ರ ಬೆರೆಸಿದ್ದೆ. ಹದಿನಾಲ್ಕು ಗಂಟೆಯಾಗಿದ್ದರೂ ಅದು ಕಲ್ಲಾಗಿರಲಿಲ್ಲ. ಉಗುರಿನಿಂದ ಗೀರಿದರೆ ಗೆರೆ ಬೀಳುತ್ತಿತ್ತು. ಉಳಿ ಸುತ್ತಿಗೆ ಹಾಕುವಂತಿರಲಿಲ್ಲ, ಒಂದೇ ಪೆಟ್ಟಿಗೆ ಹಿಂದಿನ ಪುಡಿ ಗೋಡೆ ಹಲಗೆಯ ಸಮೇತ ಬರುತ್ತಿತ್ತು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದುಕೊಂಡು ಎಡಗಡೆಯ ಸಂದಿಗೆ ಇಳಿಸಿದೆ. ಕುಯ್ಯತೊಡಗಿದೆ.

ಎಡಗಡೆ ಬಿಡಿಸುವಷ್ಟರಲ್ಲಿ ಎಂಟೂಕಾಲು. ಬಲಗಡೆಗೆ ಬಂದಾಗ ಅಕ್ಕ ಪಕ್ಕದಲ್ಲೇ ಕೂತಳು. “ಇಲ್ಲಿ ಮೆಲ್ಲಗೆ,” ಎಂದಳು. “ಇಲ್ಲಿ ಬರಹ ಇದೆ.” ಬ್ಲೇಡು ಒಂದು ಅಂಗುಲ ಇಳಿಯುವುದು, ಅವಳು ಉಸಿರು ಬಿಗಿಹಿಡಿಯುವುದು, ಪುಡಿ ಉದುರುವುದು. ಗಂಟೆ ನೋಡಬಾರದು ಅಂದುಕೊಂಡೂ ನೋಡುತ್ತಿದ್ದೆ. ಒಂಬತ್ತೂಕಾಲಿಗೆ ಬಲಗಡೆ ಮುಗಿಯಿತು. ಬೆರಳಲ್ಲಿ ರಕ್ತ ಬಂದಿತ್ತು, ನೋವು ಗೊತ್ತಾಗುತ್ತಿರಲಿಲ್ಲ.

ಮೇಲಿನ ಅಂಚು ಉಳಿದಿತ್ತು. ಅದರ ಮೇಲೆ ಗೋಡೆ ಕಪಾಟು ಇದ್ದುದರಿಂದ ಬ್ಲೇಡು ಹಿಡಿಯಲು ಜಾಗವೇ ಇರಲಿಲ್ಲ. ನಾಲ್ಕಡಿ ಉದ್ದ. ನಾನು ಕೈಚೆಲ್ಲಿ ಕೂತೆ. ಇನ್ನು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಅಕ್ಕ ಎದ್ದು ಹೋದಳು. ಪರದೆ ಸಿಕ್ಕಿಸಿದ್ದ ಸ್ಪ್ರಿಂಗ್ ತಂತಿಯನ್ನು ಬಿಚ್ಚಿ ತಂದಳು, ಜೊತೆಗೆ ಕಾಜಾ ಹೊಲಿಯುವ ದಪ್ಪ ದಾರದ ಉಂಡೆ. ತಂತಿಯ ತುದಿಗೆ ದಾರ ಕಟ್ಟಿ, ಎಡಗಡೆಯ ಸಂದಿಯಿಂದ ಹಲಗೆಯ ಹಿಂದಕ್ಕೆ ನೂಕಿದಳು. ಅದು ಹಿಂದಿನ ಪೊಳ್ಳಿನಲ್ಲಿ ತಡಕಾಡಿಕೊಂಡು ಬಲಗಡೆ ಹೊರಬಂತು. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು. ಗರಗಸದ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುತ್ತ ದಾರವನ್ನು ಮೇಲಕ್ಕೆ ತಂದೆವು. ಗಾರೆಗೆ ತಾಗಿ ಹತ್ತು ಎಳೆತಕ್ಕೇ ಪಟ್ಟೆಂದು ಹರಿಯಿತು. ಎರಡು ಎಳೆ ಮಾಡಿದಳು. ಅದೂ ಹರಿಯಿತು. ನಾಲ್ಕು ಎಳೆ ಹುರಿ ಮಾಡಿ, ಮೇಣದ ತುಂಡಿಗೆ ತಿಕ್ಕಿ, ಮತ್ತೆ ತೂರಿಸಿದಳು. ನಾನು ತುದಿ ಹಿಡಿದು ರಪ್ಪನೆ ಜಗ್ಗಿದೆ.

“ಒಂದೇ ಸಮ ಎಳಿ. ಸಿಟ್ಟು ದಾರಕ್ಕೆ ಬರಬಾರದು,” ಎಂದಳು.

ಹತ್ತೂ ಇಪ್ಪತ್ತಕ್ಕೆ ಮೇಲಿನ ಅಂಚು ಬಿಟ್ಟಿತು. ಇನ್ನುಳಿದದ್ದು ಕಟ್ಟೆಯ ಮೇಲಿನ ತಳದಂಚು. ಗಡಿಬಿಡಿಯಲ್ಲಿ ನಾನು ಬಲಮೂಲೆಯಲ್ಲಿ ಬ್ಲೇಡನ್ನು ತುಸು ತಿರುಚಿದೆ. ಒಳಗೆ ಏನೋ ಸಡಿಲವಾದ ಸದ್ದು. ಇಬ್ಬರೂ ಸೇರಿ ಹಲಗೆ ಎತ್ತಿ ಪಕ್ಕಕ್ಕಿಟ್ಟಾಗ ಅಂಗೈಯಗಲದ ಗಾರೆಯ ಹೆಕ್ಕಳ ಕಟ್ಟೆಯ ಮೇಲೆ ಬಿತ್ತು. ಗೋಡೆಯಲ್ಲಿ ಒಳಗಿನ ಮಣ್ಣಿನ ಇಟ್ಟಿಗೆ ಕೆಂಪಗೆ ಕಾಣಿಸಿತು.

ಅಕ್ಕ ಮೊದಲು ನೋಡಿದ್ದು ಅದನ್ನಲ್ಲ. ಪೆನ್ಸಿಲ್ ಬರಹದ ಕೆಳಗೆ ಬೆರಳಿಟ್ಟು ಸಾಲುಗಳುದ್ದಕ್ಕೂ ಸರಿಸಿದಳು. ಗಾರೆ ಕಿತ್ತುಬಂದದ್ದು ಕೊನೆಯ ಸಾಲಿಗಿಂತ ಎರಡು ಬೆರಳು ಕೆಳಗೆ. “ಇದಕ್ಕೇನೂ ಆಗಿಲ್ಲ,” ಎಂದು ಉಸಿರುಬಿಟ್ಟಳು.

“ಹತ್ತು ನಿಮಿಷ ಕೊಡು,” ಎಂದೆ ನಾನು. “ಸುಣ್ಣ ಇದೆ. ಒಲೆ ಮಸಿ ಸ್ವಲ್ಪ ಬೆರೆಸಿ ತೇಪೆ ಹಾಕ್ತೀನಿ. ನನ್ನ ಗುರು ಎದ್ದುಬಂದ್ರೂ ಕಂಡುಹಿಡಿಯೋಕಾಗಲ್ಲ.”

“ಬೇಡ.”

“ಅಕ್ಕಾ, ಮನೆ ಹೋಗುತ್ತೆ!”

“ಅವತ್ತು ಆ ಒಡತಿ ತೂತು ಎಣಿಸ್ದಾಗ ನಾನು ನಿಜಾನೇ ಹೇಳಿದ್ದೆ. ಅವಳು ನಂಬಲಿಲ್ಲ, ಆದ್ರೂ ತಲೆ ಎತ್ತಿಕೊಂಡೇ ಬೀದಿ ದಾಟಿದೆ. ಇವತ್ತು ತೇಪೆ ಹಾಕಿ ಈ ಮನೇಲಿ ಉಳಿದ್ರೆ, ದಿನಾ ಅಡುಗೆ ಮಾಡುವಾಗ ಆ ತೇಪೆ ನೋಡ್ಬೇಕು ನಾನು. ನಂಬದಿದ್ರೆ ಪೆಟ್ಟಿಗೆಗಳು ಇವೆಯಲ್ಲ, ಕಟ್ಟೋಣ.”

ನನಗೆ ಅವಳ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಹಲಗೆಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಕಟ್ಟೆ ಒರೆಸಿ, ಪುಡಿ ಗುಡಿಸಿದೆವು. ಬಿದ್ದ ಹೆಕ್ಕಳವನ್ನು ಅವಳು ಒಂದು ತಟ್ಟೆಯಲ್ಲಿಟ್ಟು ಕಿಟಕಿಯ ಮೇಲಿಟ್ಟಳು, ಎಲ್ಲರಿಗೂ ಕಾಣುವ ಹಾಗೆ.

ಹನ್ನೊಂದಕ್ಕೆ ಸರಿಯಾಗಿ ಮೊದಲು ಸೆಂಟಿನ ವಾಸನೆ ಬಂತು, ಆಮೇಲೆ ಸೆಂಟಪ್ಪ. ಅವನ ಹಿಂದೆ ಕೋರ್ಟು ಕಳಿಸಿದ್ದ ಕಮಿಷನರ್. ಕನ್ನಡಕ ಹಾಕಿದ ಹೆಂಗಸು, ಹೆಗಲಲ್ಲಿ ಚೀಲ. ಒಂದೂ ನಗೆಯಿಲ್ಲದ ಮುಖ. ಸೆಂಟಪ್ಪ ನೇರವಾಗಿ ಅಡುಗೆಮನೆಗೇ ನುಗ್ಗಿದ.

“ನೋಡಿ ಮೇಡಂ, ನಾನು ಹೇಳಲಿಲ್ವಾ? ಇಟ್ಟಿಗೆ ಗೋಡೆನೇ ಕಟ್ಟಿಸಿದ್ದಾಳೆ!” ಬೆರಳ ಗೆಣ್ಣಿನಿಂದ ಟಕಟಕ ಬಡಿದ. “ತಮ್ಮ ಮೇಸ್ತ್ರಿ. ಮನೆ ಕೈಗೆ ಬರೋ ಮೊದಲೇ ಕೆಲಸ ಶುರು.”

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ಒಂದು ಕಡೆ ಹಿಡಿದಳು.

“ಆ ಕಡೆ ಸ್ವಲ್ಪ ಹಿಡ್ಕೊಳ್ಳಪ್ಪಾ. ಭಾರ ಇದೆ, ಸೊಂಟ ಹುಷಾರು.”

ದೊಡ್ಡವರು ಏನಾದರೂ ಎತ್ತಲು ಕರೆದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಸೆಂಟಪ್ಪನ ಕೈಯೂ ಹೋಯಿತು. ಇಬ್ಬರೂ ಎತ್ತಿದರು. ಅವನು ಹೇಳಿದ ಇಟ್ಟಿಗೆ ಗೋಡೆ ಅವನ ಕೈಯಲ್ಲೇ ಬಂತು. ಅದನ್ನು ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಇಸ್ತ್ರಿ ಮಾಡಿದ ಅಂಗಿಗೆಲ್ಲ ಸುಣ್ಣ ಮೆತ್ತಿಸಿಕೊಂಡು ನಿಂತ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಹಲಗೆ ಕೆಳಗಿಟ್ಟವನೇ ಮೂಲೆ ನೋಡಿದ. “ಇದೇನು? ಗೋಡೆ ಒಡೆದಿದ್ದಾರೆ! ಇವತ್ತಿನ ಗಾಯ ಇದು, ನೋಡಿ!”

“ಹೌದು, ಇವತ್ತಿನದೇ,” ಎಂದಳು ಅಕ್ಕ. “ಬಿದ್ದ ಚೂರು ಆ ತಟ್ಟೇಲಿದೆ.”

ಆಗ ನಾನು ಬಾಯಿಬಿಟ್ಟೆ. ಸಂಜೆ ಬಂದದ್ದು, ಅಕ್ಕನಿಗೆ ಹೇಳದೆ ಸಂದು ತುಂಬಿದ್ದು, ಬೆಳಿಗ್ಗೆ ದಾರದಲ್ಲಿ ಕುಯ್ದದ್ದು, ಬ್ಲೇಡು ತಿರುಚಿದ್ದು, ಎಲ್ಲ ಹೇಳಿದೆ. “ತಪ್ಪು ನನ್ನ ಕೈಯದು ಮೇಡಂ. ಅಕ್ಕ ಈ ಮನೆಗೆ ಬಂದು ಹತ್ತು ವರ್ಷ ಆಯ್ತು, ಒಂದು ಮೊಳೆ ಹೊಡೆದಿದ್ರೆ ತೋರಿಸಿ,” ಎಂದೆ.

ಕಮಿಷನರ್ ಅಳತೆಗೆ ಟೇಪು ಕೇಳಿದರು, ಅಕ್ಕ ಕೊರಳಲ್ಲಿದ್ದ ಹೊಲಿಗೆ ಟೇಪು ಕೊಟ್ಟಳು. ಕಿತ್ತುಬಂದ ಜಾಗವನ್ನು ಅಳೆದು ಬರೆದುಕೊಂಡರು. ಫೋಟೊ ತೆಗೆದರು. ತೆಗೆಯುತ್ತಿದ್ದವರು ಹಾಗೇ ಬಾಗಿ ನಿಂತುಬಿಟ್ಟರು. ಪೆನ್ಸಿಲ್ ಬರಹ ಅವರ ಕಣ್ಣಿಗೆ ಬಿದ್ದಿತ್ತು.

“ಇದೇನು?”

“ಸಿಲಿಂಡರ್ ಬದಲಾಯಿಸಿದ ದಿನಗಳು ಮೇಡಂ,” ಎಂದಳು ಅಕ್ಕ. “ಎಷ್ಟು ದಿನ ಬಂತು ಅಂತ ಲೆಕ್ಕ ಇಡ್ತಿದ್ರು ಟೀಚರಮ್ಮ.”

ಕಮಿಷನರ್ ಸೆಂಟಪ್ಪನ ಕಡೆ ತಿರುಗಿದರು. “ಇದು ನಿಮ್ಮ ಅತ್ತೆಯವರ ಅಕ್ಷರವೇ?”

“ನಮ್ಮತ್ತೆ ಅಕ್ಷರ ನನಗೆ ಗೊತ್ತಿಲ್ವಾ?” ಎಂದ ಅವನು, ಹಕ್ಕು ಸಾಧಿಸುವ ದನಿಯಲ್ಲಿ. “ಮುತ್ತು ಪೋಣಿಸಿದ ಹಾಗೆ ಬರೀತಿದ್ರು. ಅವರದ್ದೇ.”

ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದಾಗಿ ತಾರೀಕು ಓದತೊಡಗಿದರು. ನಾನೂ ಮೊದಲ ಸಲ ಸರಿಯಾಗಿ ನೋಡಿದೆ. ಮೇಲಿನ ಸಾಲುಗಳಲ್ಲಿ ಬರೀ ತಾರೀಕು. ಆರು ವರ್ಷದ ಹಿಂದಿನ ಒಂದು ತಾರೀಕಿನ ಪಕ್ಕದಲ್ಲಿ ಅದೇ ಮುತ್ತಿನಂಥ ಅಕ್ಷರದಲ್ಲಿ ಇನ್ನೇನೋ ಇತ್ತು. ಕಮಿಷನರ್ ಗಟ್ಟಿಯಾಗಿ ಓದಿದರು.

“‘ಹುಡುಗಿ ಹಾಕಿದಳು.’”

ಕೆಳಗಿನ ಸಾಲಿನಲ್ಲೂ ಹಾಗೇ. ಅದರ ಕೆಳಗೂ. ‘ಹುಡುಗಿ ಹಾಕಿದಳು.’ ‘ನನಗೆ ಬೆನ್ನು ನೋವು, ಹುಡುಗಿ ಹಾಕಿದಳು.’ ‘ಹುಡುಗಿ ಊರಲ್ಲಿಲ್ಲ, ಎರಡು ದಿನ ಬ್ರೆಡ್ಡು.’ ಬರುಬರುತ್ತ ಅಕ್ಷರ ನಡುಗುತ್ತ ಹೋಗಿತ್ತು. ಕೊನೆಕೊನೆಗೆ ಅಕ್ಕನ ದಪ್ಪ ಅಂಕಿಗಳು ಮಾತ್ರ.

“ಹುಡುಗಿ ಅಂದ್ರೆ ಯಾರು?”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನೇ ಮೇಡಂ,” ಎಂದಳು. “ಆಗ ನನಗೆ ನಲವತ್ತೊಂಬತ್ತು.”

ಅಕ್ಷರ ಅತ್ತೆಯದೇ ಎಂದು ಸೆಂಟಪ್ಪನೇ ಒಪ್ಪಿಯಾಗಿತ್ತು. ಕಮಿಷನರ್ ಒಂದೊಂದು ಸಾಲಿನ ಫೋಟೊವನ್ನೂ ಬೇರೆಬೇರೆಯಾಗಿ ತೆಗೆದರು. ಹೊರಡುವಾಗ ಅಕ್ಕನಿಗೆ, “ಆ ಹಲಗೆ ಹಾಗೇ ಇರಲಿ. ಬರಹಕ್ಕೆ ಎಣ್ಣೆ ತಾಗಬಾರದು,” ಎಂದರು. ನನ್ನ ಕಡೆ ನೋಡಿ, “ನೀವು ಮಾತ್ರ ಈ ಅಡುಗೆಮನೆಗೆ ಕರಣೆ ತರಬೇಡಿ,” ಎಂದರು. ಆ ಮುಖದಲ್ಲಿ ಆಗಲೂ ನಗೆಯಿರಲಿಲ್ಲ.

ಐದು ತಿಂಗಳು ಕಾದೆವು. ಕಿತ್ತುಬಂದ ಗಾರೆಗೆ ಏನಾಗುತ್ತದೋ ಎಂಬ ಭಯದಲ್ಲಿ ನಾನು ಸಣ್ಣಗಾದೆ. ನಮ್ಮ ಮನೆಯ ಒಂದು ಬಿರುಕನ್ನೂ ಮುಟ್ಟಲಿಲ್ಲ, ಹೆಂಡತಿ ಡಾಕ್ಟರಿಗೆ ತೋರಿಸೋಣವೇ ಎಂದಳು. ಕೊನೆಗೆ ಮನೆ ಅಕ್ಕನದೆಂದು ತೀರ್ಪಾಯಿತು. ಮೂಲೆಯ ಗಾಯ ಆಕಸ್ಮಿಕ ಎಂದೂ, ಅದನ್ನು ಮುಚ್ಚಿಡದೆ ಹೇಳಿದ್ದರು ಎಂದೂ ಒಂದು ಸಾಲು ಅದರಲ್ಲಿತ್ತು. ಆ ಸಾಲನ್ನು ಅಕ್ಕ ನನ್ನಿಂದ ಎರಡು ಸಲ ಓದಿಸಿದಳು.

ಮುಂದಿನ ಭಾನುವಾರ ಅವಳೇ ಫೋನು ಮಾಡಿ ಕರಣೆ ತರಲು ಹೇಳಿದಳು. ಹೋಗಿ ನೋಡಿದರೆ, ಹಲಗೆಯನ್ನು ಎಲ್ಲಿ ಕೂರಿಸಬೇಕೆಂದು ಗೋಡೆಯ ಮೇಲೆ ಬಟ್ಟೆಗೆ ಹಾಕುವ ಸೀಮೆಸುಣ್ಣದಿಂದ ಗುರುತು ಮಾಡಿದ್ದಳು. ಒಲೆಯನ್ನೂ ಹಲಗೆಯನ್ನೂ ಒಂದು ಗೇಣು ಎಡಕ್ಕೆ ಸರಿಸಿದರೆ ಪೆನ್ಸಿಲ್ ಸಾಲುಗಳು ಹೊರಗೆ ಉಳಿಯುತ್ತಿದ್ದವು. ಅವಕ್ಕೊಂದು ಗಾಜು ಹಾಕಿಸೋಣ ಎಂದಳು.

ಸರಿಸಿದೆವು. ರಸಮಟ್ಟ ಇಟ್ಟು ನೋಡಿದೆ. ಗಾರೆ ಕಲಸಿದೆ. ಕಲಸಿದವನು ಕರಣೆ ಹಿಡಿದುಕೊಂಡು ಸುಮ್ಮನೆ ನಿಂತೆ. ಬದುಕಿನಲ್ಲಿ ಮೊದಲ ಸಲ ಒಂದು ಸಂದು ತುಂಬಲು ಇನ್ನೊಬ್ಬರ ಅಪ್ಪಣೆಗೆ ಕಾಯುತ್ತಿದ್ದೆ.

“ಅಕ್ಕಾ, ತುಂಬಿದ್ರೆ ಆಮೇಲೆ ಬಿಡಿಸೋಕಾಗಲ್ಲ. ಈ ಸಲ ಸಿಮೆಂಟು ಸರಿಯಾಗಿ ಹಾಕಿದೀನಿ.”

“ತುಂಬು,” ಎಂದಳು. “ಇರು, ನೆಲಕ್ಕೆಲ್ಲ ಬೀಳುತ್ತೆ.”

ಕಪಾಟಿನ ಹಿಂದಿನಿಂದ ಮಡಿಸಿಟ್ಟಿದ್ದ ಪೆಟ್ಟಿಗೆಗಳನ್ನು ಎಳೆದು ತಂದಳು. ಒಂದರ ಮೇಲೆ ‘ಅಡುಗೆ ಸಾಮಾನು’ ಎಂದು ಬರೆದಿತ್ತು, ಹಳೆಯ ಮನೆ ಬಿಟ್ಟಾಗೆಲ್ಲ ಹಚ್ಚಿದ ಅಂಟುಪಟ್ಟಿಗಳು ಒಂದರ ಮೇಲೊಂದು ಇದ್ದವು. ಹೊಲಿಗೆ ಕತ್ತರಿ ತೆಗೆದುಕೊಂಡು ಅವುಗಳ ಮೂಲೆ ಸೀಳಿ, ಒಂದೊಂದನ್ನೇ ಅಗಲ ಮಾಡಿ ನನ್ನ ಕಾಲ ಕೆಳಗೆ ಹಾಸಿದಳು. ಒಂದನ್ನೂ ಉಳಿಸಿಕೊಳ್ಳಲಿಲ್ಲ.

ನನಗೆ ಅಳು ಬಂತು. ಅಳುತ್ತಲೇ ತುಂಬಿದೆ, ಕಣ್ಣು ಮಂಜಾಗಿ ಮೇಲಿನ ಗೆರೆ ಒಂದು ಕಡೆ ಸೊಟ್ಟಗಾಯಿತು. ಸರಿಮಾಡಲು ಕರಣೆ ಎತ್ತಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು, “ಇರಲಿ ಬಿಡು, ದಿನಾ ನೋಡೋಳು ನಾನು,” ಎಂದಳು.